ಪಶು ಕ್ಲಿನಿಕ್‌ನ ಲಸಿಕೆ ಫ್ರಿಜ್‌ಗೆ ಕಾವಲು ಪೆಟ್ಟಿಗೆ, ಜೊತೆಗೆ ಅರ್ಥಿಂಗ್ ರಿಪೇರಿ

ಪಶು ಕ್ಲಿನಿಕ್‌ನಲ್ಲಿ ಕೆಟ್ಟ ಕೂಡಲೇ ಗೊತ್ತಾಗುವ ಯಂತ್ರಗಳು ಬೇರೆ, ಕೆಟ್ಟರೂ ಗೊತ್ತಾಗದವು ಬೇರೆ. ಎಕ್ಸ್‌ರೇ ಬರದಿದ್ದರೆ, ಆಟೋಕ್ಲೇವ್ ಪ್ರೆಶರ್ ಹಿಡಿಯದಿದ್ದರೆ ಆಗಲೇ ತಿಳಿಯುತ್ತದೆ. ಲಸಿಕೆ ಇಟ್ಟ ಫ್ರಿಜ್ ಹಾಗಲ್ಲ. ರಾತ್ರಿ ಒಳಗೆ ಏನೋ ಆಗಿ, ಬೆಳಿಗ್ಗೆ ಬಾಗಿಲು ತೆರೆಯುವಾಗ ಎಲ್ಲ ತಣ್ಣಗೆ ಸರಿಯಾಗಿಯೇ ಇರುತ್ತದೆ. ಬಾಟಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದನ್ನೇ ನಾಯಿಗೆ ಚುಚ್ಚುತ್ತಾರೆ, ಕಾರ್ಡಿಗೆ ಸ್ಟಿಕರ್ ಅಂಟಿಸುತ್ತಾರೆ, ಮನೆಯವರು ನೆಮ್ಮದಿಯಿಂದ ಹೋಗುತ್ತಾರೆ. ರೇಬೀಸ್ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲದ ಕಾಯಿಲೆ ಅದು, ನಾಯಿಗೂ ಮನುಷ್ಯರಿಗೂ.

ನಾನು ಡಾಕ್ಟರ್ ಅಲ್ಲ, ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕೆಲಸ. ಉಡುಪಿಗೂ ಬ್ರಹ್ಮಾವರಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಸಣ್ಣ ಪಶು ಕ್ಲಿನಿಕ್ ಉಂಟು. ನಾಯಿ, ಬೆಕ್ಕು ಅಲ್ಲಿಗೇ ಬರುತ್ತವೆ. ದನ ನೋಡಲು ಡಾಕ್ಟ್ರೇ ಊರೂರಿಗೆ ಹೋಗುತ್ತಾರೆ. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಈ ವರ್ಷ ಮಳೆಗಾಲಕ್ಕೆ ಮೊದಲು ಅಲ್ಲಿ ಮಾಡಿದ ಎರಡು ಕೆಲಸಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕರಾವಳಿಯ ಬೇರೆ ಕ್ಲಿನಿಕ್‌ಗಳಲ್ಲೂ ಇದೇ ತೊಂದರೆ ಇರುತ್ತದೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಏನು ಬೇಕಿತ್ತು

ನಾಯಿ, ಬೆಕ್ಕು, ದನಗಳ ಸಾಮಾನ್ಯ ಲಸಿಕೆಗಳನ್ನೆಲ್ಲ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ನಾಯಿಗಳಿಗೆ ಬರುವ ಡಿಸ್ಟೆಂಪರ್, ಪಾರ್ವೋ ಕಾಯಿಲೆಗಳ ಲಸಿಕೆಗಳಲ್ಲಿ ಜೀವಂತ ವೈರಸ್ ಇರುತ್ತದೆ, ಅವಕ್ಕೆ ಬಿಸಿ ಆಗದು. ರೇಬೀಸ್ ಲಸಿಕೆ ಕೊಂದ ವೈರಸ್‌ನದ್ದು. ಅದರ ಜೊತೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಸಂಯುಕ್ತ ಸೇರಿಸಿರುತ್ತಾರೆ. ಅದು ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಗಂಟುಗಂಟಾಗಿ ಲಸಿಕೆಯ ಶಕ್ತಿ ಹೋಗುತ್ತದೆ. ಮತ್ತೆ ಕರಗಿದರೂ ಹೋದ ಶಕ್ತಿ ಬರುವುದಿಲ್ಲ. ಹಾಗಾಗಿ ಒಂದೇ ಫ್ರಿಜ್‌ನಲ್ಲಿ ಬಿಸಿಗೆ ಹೆದರುವ ಸಾಮಾನೂ ಉಂಟು, ಚಳಿಗೆ ಹೆದರುವ ಸಾಮಾನೂ ಉಂಟು.

ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಐಸ್‌ಲೈನ್ಡ್ ಫ್ರಿಜ್ ಬಳಸುತ್ತಾರೆ. ಕರೆಂಟ್ ಹೋದರೂ ತುಂಬಾ ಹೊತ್ತು ತಂಪು ಹಿಡಿಯುತ್ತದೆ. ಸಣ್ಣ ಕ್ಲಿನಿಕ್‌ಗೆ ಅದರ ಬೆಲೆ ಜಾಸ್ತಿ. ನಮ್ಮಲ್ಲಿ ಇದ್ದದ್ದು ಮನೆಯಲ್ಲಿರುವಂಥ ಒಂಟಿ ಬಾಗಿಲಿನ ಫ್ರಿಜ್. ಬಾಗಿಲಿಗೆ ಅಂಟಿಸಿದ ಥರ್ಮಾಮೀಟರ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಳ್ಳೆ ಅಭ್ಯಾಸವೇ. ಆದರೆ ರಾತ್ರಿಯ ಕಥೆ ಆ ಪುಸ್ತಕದಲ್ಲಿ ಬರುವುದಿಲ್ಲ ಅಲ್ವಾ?

ಮೊಬೈಲ್ ಆಪ್‌ಗೆ ಉಷ್ಣತೆ ಕಳಿಸುವ ರೆಡಿಮೇಡ್ ವೈಫೈ ಥರ್ಮಾಮೀಟರ್ ಸಿಗುತ್ತದೆ. ನಾನು ಅದನ್ನು ಬೇಡ ಅಂದೆ. ಗಾಳಿ ಮಳೆಗೆ ಮರದ ಕೊಂಬೆ ತಂತಿ ಮೇಲೆ ಬಿತ್ತು ಅಂತ ಇಟ್ಟುಕೊಳ್ಳಿ. ಕರೆಂಟ್ ಹೋಗುತ್ತದೆ, ಅದರ ಜೊತೆಗೇ ರೌಟರ್ ಸಾಯುತ್ತದೆ, ಇಂಟರ್ನೆಟ್ ಹೋಗುತ್ತದೆ. ಎಚ್ಚರಿಕೆ ಬೇಕಾದ ಹೊತ್ತಿಗೇ ಎಚ್ಚರಿಕೆಯ ದಾರಿ ಮುಚ್ಚಿಹೋಗುತ್ತದೆ. ಇಂಟರ್ನೆಟ್ ಇಲ್ಲದೆಯೂ ಅಳೆಯಬೇಕು, ದಾಖಲಿಸಬೇಕು, ಕೂಗಬೇಕು. ಇಷ್ಟು ನಿರ್ಧಾರ ಆದ ಮೇಲೆ ಪೆಟ್ಟಿಗೆ ನಾನೇ ಕಟ್ಟುವುದು ಅಂತಾಯಿತು.

ಪೆಟ್ಟಿಗೆಯೊಳಗೆ

ಮೆದುಳು ಇಎಸ್‌ಪಿ32 ಬೋರ್ಡ್, ಪ್ರೋಗ್ರಾಂ ಬರೆದು ಹಾಕಬಹುದಾದ ಸಣ್ಣ ಕಂಪ್ಯೂಟರ್. ಉಷ್ಣತೆ ಅಳೆಯಲು ಡಿಎಸ್18ಬಿ20 ಸೆನ್ಸರ್, ಸ್ಟೀಲ್ ಕೊಳವೆಯಲ್ಲಿ ಮುಚ್ಚಿ ಬರುವ ವಾಟರ್‌ಪ್ರೂಫ್ ನಮೂನೆ. ಮೂರು ಸೆನ್ಸರ್‌ಗಳೂ ಒಂದೇ ಡೇಟಾ ವಯರ್ ಮೇಲೆ, ಅದರಿಂದ 3.3 ವೋಲ್ಟ್‌ಗೆ 4.7 ಕಿಲೋಓಮ್ ರೆಸಿಸ್ಟರ್. ಒಂದೊಂದಕ್ಕೂ ತನ್ನದೇ ವಿಳಾಸ ಇರುವುದರಿಂದ ಗೊಂದಲ ಇಲ್ಲ.

ಸೆನ್ಸರ್ ಎಲ್ಲಿಡಬೇಕು ಅನ್ನುವುದೇ ಮುಖ್ಯ. ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆರೆದಾಗಲೆಲ್ಲ ಅಳತೆ ಏರಿಳಿಯುತ್ತದೆ, ಸುಳ್ಳು ಅಲಾರಂ ಆಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದರೆ ಐದನೇ ಸಲ ಯಾರೂ ಏಳುವುದಿಲ್ಲ. ನಮಗೆ ಬೇಕಾದದ್ದು ಗಾಳಿಯ ಉಷ್ಣತೆ ಅಲ್ಲ, ಬಾಟಲಿಯೊಳಗಿನ ಮದ್ದಿನ ಉಷ್ಣತೆ. ಅದಕ್ಕೆ 10 ಮಿಲಿಯ ಖಾಲಿ ಲಸಿಕೆ ಬಾಟಲಿ ತೆಗೆದುಕೊಂಡೆ. ಚೆನ್ನಾಗಿ ತೊಳೆದು, ಮೆಡಿಕಲ್ ಶಾಪ್‌ನ ಗ್ಲಿಸರಿನ್ ತುಂಬಿಸಿದೆ. ರಬ್ಬರ್ ಮುಚ್ಚಳಕ್ಕೆ ತೂತು ಕೊರೆದು ಸೆನ್ಸರ್ ಇಳಿಸಿ ಸಿಲಿಕೋನ್‌ನಿಂದ ಮುಚ್ಚಿದೆ. ಅದನ್ನು ನಡು ತಟ್ಟೆಯಲ್ಲಿ ಲಸಿಕೆಗಳ ನಡುವೆಯೇ ಇಟ್ಟೆವು. ಬಾಗಿಲು ಅರ್ಧ ನಿಮಿಷ ತೆರೆದರೆ ಅದು ಅಲುಗುವುದಿಲ್ಲ. ನಿಜವಾಗಿ ಬಿಸಿಯಾದರೆ ಮಾತ್ರ ಏರುತ್ತದೆ.

ಎರಡನೇ ಸೆನ್ಸರ್ ಫ್ರೀಜರ್‌ಗೆ ಹತ್ತಿರ, ಅದರ ಕೆಳಗೇ ಇರುವ ಮೇಲಿನ ತಟ್ಟೆಯಲ್ಲಿ, ಬರೀ ಗಾಳಿಯಲ್ಲಿ. ಮೂರನೆಯದು ಕೋಣೆಯಲ್ಲಿ. ಈ ಮೂರನೆಯದು ಸುಮ್ನೆ ಇರಲಿ ಅಂತ ಹಾಕಿದ್ದು, ಆಮೇಲೆ ಅದೇ ದೊಡ್ಡ ಕೆಲಸಕ್ಕೆ ಬಂತು.

ವಯರ್ ಒಳಗೆ ಹೋಗಲು ಫ್ರಿಜ್‌ಗೆ ತೂತು ಕೊರೆಯಬೇಡಿ, ಗೋಡೆಯೊಳಗೆ ಗ್ಯಾಸ್ ಪೈಪ್ ಓಡುತ್ತಿರಬಹುದು. ತಿರುಗಣಿ ಇರುವ ಬದಿಯಲ್ಲಿ ಗ್ಯಾಸ್ಕೆಟ್ ಅಡಿಯಿಂದ ತೆಳ್ಳಗಿನ ವಯರ್ ಹಾಯಿಸಿ. ಹೊರಗೆ ಬಂದ ಮೇಲೆ ವಯರ್ ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಹತ್ತಲಿ. ನಮ್ಮ ಸೆಕೆಗೆ ವಯರ್ ಮೇಲೆ ನೀರು ಕೂರುತ್ತದೆ, ಅದು ಆ ತಗ್ಗಿನಲ್ಲೇ ತೊಟ್ಟಿಕ್ಕಬೇಕು, ಪೆಟ್ಟಿಗೆಯೊಳಗೆ ಅಲ್ಲ.

ಈ ಸೆನ್ಸರ್‌ನ ನಕಲುಗಳು ಮಾರುಕಟ್ಟೆಯಲ್ಲಿ ತುಂಬಾ. ಅಸಲಿಯದ್ದು ಅರ್ಧ ಡಿಗ್ರಿಯೊಳಗೆ ಸರಿ ಇರುತ್ತದೆ, ನಕಲಿಯದ್ದು ಹೇಳಲಾಗದು. ಪರೀಕ್ಷೆ ಸುಲಭ. ಥರ್ಮಾಸ್ ಫ್ಲಾಸ್ಕ್‌ಗೆ ಪುಡಿ ಮಾಡಿದ ಐಸ್ ತುಂಬಿಸಿ, ಸಂದು ತುಂಬುವಷ್ಟು ತಣ್ಣೀರು ಹಾಕಿ, ಕಲಸುತ್ತಾ ಇರಿ. ಅದು 0 ಡಿಗ್ರಿ. ಕುಡಿಯುವ ನೀರಿನ ಐಸೇ ಆಗಬೇಕು. ಮಲ್ಪೆ ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಸುಲಭವಾಗಿ ಸಿಗುತ್ತದೆ ಅಂತ ತರಬೇಡಿ. ಅದಕ್ಕೆ ಸ್ವಲ್ಪ ಉಪ್ಪು ತಾಗಿದ್ದರೂ ನೀರು ಸೊನ್ನೆಗಿಂತ ಕೆಳಗಿಳಿಯುತ್ತದೆ, ನಿಮ್ಮ ಅಳತೆಗೋಲೇ ತಪ್ಪುತ್ತದೆ. ತಂದ ಸೆನ್ಸರ್‌ಗಳಲ್ಲಿ ಒಂದು ಐಸ್ ನೀರಿನಲ್ಲಿ 1.4 ತೋರಿಸಿತು. ಅದನ್ನು ಬದಿಗಿಟ್ಟು ಬೇರೆ ಹಾಕಿದೆ.

ಕರೆಂಟ್ ಹೋದಾಗ ಓಡಲು ಒಂದು 18650 ಲಿಥಿಯಂ ಸೆಲ್. ಇಲ್ಲೊಂದು ವಿಷಯ ಗಮನಿಸಬೇಕು. ಹೆಚ್ಚಿನ ಇಎಸ್‌ಪಿ32 ಬೋರ್ಡ್‌ಗಳಲ್ಲಿ ಇರುವ 1117 ರೆಗ್ಯುಲೇಟರ್‌ಗೆ (ವೋಲ್ಟೇಜನ್ನು 3.3ಕ್ಕೆ ಇಳಿಸಿ ಕೊಡುವ ಬಿಡಿಭಾಗ) ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು 1 ವೋಲ್ಟ್ ಜಾಸ್ತಿ ಇರಲೇಬೇಕು. 3.7 ವೋಲ್ಟ್ ಸೆಲ್ ನೇರ ಕೊಟ್ಟರೆ 3.3 ಸಿಗುವುದಿಲ್ಲ, ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಅದಕ್ಕೆ 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಮಾಡ್ಯೂಲ್ ನಡುವೆ ಹಾಕಬೇಕು. ವೈಫೈ ಆಫ್ ಮಾಡಿಟ್ಟರೆ ಒಂದು ಒಳ್ಳೆ ಸೆಲ್ ಒಂದು ಹಗಲು ಒಂದು ರಾತ್ರಿ ಆರಾಮವಾಗಿ ಎಳೆಯುತ್ತದೆ.

ಕರೆಂಟ್ ಇದೆಯೋ ಇಲ್ಲವೋ ತಿಳಿಯಲು 230 ವೋಲ್ಟ್ ಮುಟ್ಟುವುದೇ ಬೇಡ. ಹಳೆ ಮೊಬೈಲ್ ಚಾರ್ಜರ್ ಒಂದನ್ನು ಫ್ರಿಜ್‌ನ ಪ್ಲಗ್ ಪಾಯಿಂಟ್‌ಗೇ ಸಿಕ್ಕಿಸಿ, ಅದರ 5 ವೋಲ್ಟನ್ನು 10 ಮತ್ತು 15 ಕಿಲೋಓಮ್ ರೆಸಿಸ್ಟರ್‌ಗಳಿಂದ 3 ವೋಲ್ಟ್‌ಗೆ ಇಳಿಸಿ ಒಂದು ಪಿನ್‌ಗೆ ಕೊಟ್ಟೆ. ಯಾರಾದರೂ ಆ ಸ್ವಿಚ್ ಆಫ್ ಮಾಡಿದರೂ ಗೊತ್ತಾಗುತ್ತದೆ. ಗುಡಿಸುವಾಗ, ಒರೆಸುವಾಗ ಅಂಥದ್ದು ಆಗುತ್ತದೆ.

ಸಮಯಕ್ಕೆ ಡಿಎಸ್3231 ಗಡಿಯಾರ ಮಾಡ್ಯೂಲ್, ಇಂಟರ್ನೆಟ್ ಇಲ್ಲದೆಯೂ ಸರಿ ಸಮಯ ಹೇಳುತ್ತದೆ. ಆ ನೀಲಿ ಮಾಡ್ಯೂಲ್‌ನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕಿಟ್ ಇರುತ್ತದೆ. ಮಾಮೂಲಿ ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ, ಉಬ್ಬಿಬಿಡುತ್ತದೆ. ಡಯೋಡ್ ಪಕ್ಕದ ಸಣ್ಣ ರೆಸಿಸ್ಟರ್ ಕಿತ್ತು ಹಾಕಿ.

ಪೆಟ್ಟಿಗೆಯನ್ನು ಕರಾವಳಿಗೆ ತಕ್ಕ ಹಾಗೆ ಕಟ್ಟಬೇಕು. ಸಿಕ್ಕಿಸುವ ಜಂಪರ್ ವಯರ್‌ಗಳು ಇಲ್ಲಿ ಒಂದು ಮಳೆಗಾಲ ದಾಟುವುದಿಲ್ಲ, ಉಪ್ಪುಗಾಳಿಗೆ ತುದಿ ಕಪ್ಪಾಗಿ ಸಂಪರ್ಕ ಬಿಡುತ್ತದೆ. ಎಲ್ಲವನ್ನೂ ಬೆಸುಗೆ ಹಾಕಿದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬೆಸುಗೆಯ ಅಂಟು (ಫ್ಲಕ್ಸ್) ತೊಳೆದು ಒಣಗಿಸಿ ಅಕ್ರಿಲಿಕ್ ಸ್ಪ್ರೇ ಹೊಡೆದೆ. ಮುಚ್ಚಳಕ್ಕೆ ರಬ್ಬರ್ ಇರುವ ಜಂಕ್ಷನ್ ಬಾಕ್ಸ್, ವಯರ್‌ಗಳೆಲ್ಲ ಅಡಿಯಿಂದ ಗ್ಲ್ಯಾಂಡ್ ಮೂಲಕ, ಅಂದರೆ ವಯರನ್ನು ಸುತ್ತ ಬಿಗಿಯಾಗಿ ಹಿಡಿಯುವ ಬಿರಡೆ. ಗ್ಲ್ಯಾಂಡ್ ಬಿಗಿ ಇದ್ದರೆ ಇರುವೆಯೂ ಬರುವುದಿಲ್ಲ. ಕ್ಲಿನಿಕ್‌ನ ಒಂದು ಸ್ವಿಚ್‌ಬೋರ್ಡ್ ಇರುವೆ ಗೂಡಿನಿಂದಲೇ ಕೆಟ್ಟದ್ದನ್ನು ನಾನು ಬಿಚ್ಚಿ ನೋಡಿದ್ದೇನೆ.

ಕೂಗುವುದು ಹೇಗೆ

ಕ್ಲಿನಿಕ್‌ನಲ್ಲಿ ಜನ ಇದ್ದಾಗ ಬಜರ್ ಸಾಕು. ರಾತ್ರಿಗೆ ಫೋನ್ ಬೇಕು. ಸಿಮ್800ಎಲ್ ಮಾಡ್ಯೂಲ್ ಹಾಕಿದೆ. ಅದು 2ಜಿ ಮಾತ್ರ, ಹಾಗಾಗಿ ಜಿಯೋ ಸಿಮ್ ಆಗುವುದಿಲ್ಲ, 2ಜಿ ಇರುವ ಕಂಪನಿಯದ್ದೇ ಬೇಕು. ಕರೆ ಮಾಡುವ ಕ್ಷಣಕ್ಕೆ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದಿದ್ದರೆ ಸತ್ತು ಹುಟ್ಟುತ್ತಾ ಇರುತ್ತದೆ. ಮೆಸೇಜ್ ಬೇಡ, ಕರೆಯೇ ಇರಲಿ ಅಂತ ಮಾಡಿದೆವು. ರಾತ್ರಿ ಮೂರು ಗಂಟೆಗೆ ಮೆಸೇಜ್ ಯಾರು ನೋಡುತ್ತಾರೆ? ಫೋನ್ ರಿಂಗಾದರೆ ಎದ್ದೇ ಏಳುತ್ತಾರೆ. ಮೊದಲು ಸಹಾಯಕರಿಗೆ, ಎತ್ತದಿದ್ದರೆ ಡಾಕ್ಟ್ರಿಗೆ, ಆಮೇಲೆ ನನಗೆ.

ಗ್ಲಿಸರಿನ್ ಬಾಟಲಿ 8 ಡಿಗ್ರಿ ದಾಟಿ ಹದಿನೈದು ನಿಮಿಷ ಆದರೆ ಬಜರ್, ಅರ್ಧ ಗಂಟೆಗೆ ಕರೆ. 2ಕ್ಕಿಂತ ಕೆಳಗಿಳಿದರೆ ಅಷ್ಟು ಕಾಯುವುದಿಲ್ಲ, ಐದೇ ನಿಮಿಷ. ಸ್ವಲ್ಪ ಹೊತ್ತಿನ ಬಿಸಿಯನ್ನು ಲಸಿಕೆ ತಡೆದುಕೊಂಡೀತು, ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ. ಪ್ರೋಗ್ರಾಂ ಬರೆಯುವಾಗ ಎರಡು ಸಂಖ್ಯೆ ನೆನಪಿಡಿ. ಡಿಎಸ್18ಬಿ20 ಆಗಷ್ಟೇ ಆನ್ ಆದಾಗ 85 ಅನ್ನುತ್ತದೆ. ವಯರ್ ಬಿಟ್ಟುಹೋದರೆ ಸೆನ್ಸರ್ ಓದಲು ಬಳಸುವ ರೆಡಿಮೇಡ್ ಕೋಡ್ (ಲೈಬ್ರರಿ) ಮೈನಸ್ 127 ಕೊಡುತ್ತದೆ. ಇವನ್ನು ಉಷ್ಣತೆ ಅಂತ ಲೆಕ್ಕಕ್ಕೆ ಹಿಡಿಯಬಾರದು, ಹಾಗಂತ ಎಸೆದುಬಿಡಲೂ ಬಾರದು. ಸೆನ್ಸರ್ ಕೆಟ್ಟಿದೆ ಅಂತ ಬೇರೆ ನಮೂನೆಯಲ್ಲಿ ಕೂಗಬೇಕು.

ನನಗೆ ಎಲ್ಲಕ್ಕಿಂತ ಭಯ ಸುಮ್ಮನಿರುವ ಪೆಟ್ಟಿಗೆಯದ್ದು. ಫ್ರಿಜ್ ಸರಿ ಇದೆ ಅಂತ ಸುಮ್ಮನಿದೆಯೋ, ತಾನೇ ಸತ್ತು ಸುಮ್ಮನಿದೆಯೋ? ಅದಕ್ಕೆ ದಿನಾ ಬೆಳಿಗ್ಗೆ 9 ಗಂಟೆಗೆ ಕ್ಲಿನಿಕ್ ಫೋನ್‌ಗೆ ಒಂದು ಮಿಸ್ಡ್ ಕಾಲ್ ಕೊಡುತ್ತದೆ. ಬಂದರೆ ಸೆಲ್, ಸಿಮ್, ಸಿಗ್ನಲ್, ಪ್ರೋಗ್ರಾಂ ಎಲ್ಲ ಸರಿ ಅಂತ ಅರ್ಥ. ಬರದಿದ್ದರೆ ನನಗೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ಬರೆದಿದೆ. ಸಿಮ್ ರೀಚಾರ್ಜ್ ಮುಗಿದದ್ದು ಒಮ್ಮೆ ಹೀಗೇ ಸಿಕ್ಕಿತು. ಈ ಒಂದು ಮಿಸ್ಡ್ ಕಾಲ್ ಇಲ್ಲದ ಯಾವ ಅಲಾರಂ ಪೆಟ್ಟಿಗೆಯನ್ನೂ ನಾನು ನಂಬುವುದಿಲ್ಲ.

ಜೂನ್‌ನಲ್ಲಿ ಕಂಡದ್ದು

ಪೆಟ್ಟಿಗೆ ಕೂರಿಸಿದ್ದು ಮೇ ಕೊನೆಗೆ. ಎಲ್ಲರೂ ಕಾದದ್ದು ಕರೆಂಟ್ ಹೋಗಿ ಬಿಸಿಯಾಗುವ ಅಲಾರಂಗೆ. ಮೊದಲು ಬಂದದ್ದು ಚಳಿಯ ಅಲಾರಂ. ಮಳೆ ಹಿಡಿದ ಮೇಲೆ ಒಂದು ರಾತ್ರಿ ಗ್ಲಿಸರಿನ್ ಬಾಟಲಿ 1.8ಕ್ಕೆ ಇಳಿಯಿತು, ಫ್ರೀಜರ್ ಕೆಳಗಿನ ತಟ್ಟೆಯ ಗಾಳಿ ಸೊನ್ನೆಗಿಂತ ಕೆಳಗೆ ಹೋಗಿ ಬರುತ್ತಿತ್ತು.

ಕಾರಣ ಕೋಣೆಯ ಸೆನ್ಸರ್‌ನಲ್ಲಿತ್ತು. ಮೇ ತಿಂಗಳಲ್ಲಿ ರಾತ್ರಿಯೂ ಕೋಣೆ 31, 32 ಡಿಗ್ರಿ. ಜೂನ್ ಮಳೆಗೆ ಅದು 25ಕ್ಕೆ ಬಂತು. ಇಂಥ ಹಳೆ ನಮೂನೆಯ ಫ್ರಿಜ್‌ನ ಥರ್ಮೋಸ್ಟಾಟ್ ಫ್ರೀಜರ್‌ನ ತಗಡಿನ ತಂಪನ್ನು ನೋಡುತ್ತದೆ, ಕೆಳಗಿನ ತಟ್ಟೆಯದ್ದನ್ನಲ್ಲ. ಹೊರಗಿನಿಂದ ಒಳಗೆ ಬರುವ ಶಾಖ ಕಡಿಮೆಯಾದರೆ ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿ ಅದೇ ಅಂಕಿಯಲ್ಲಿದ್ದರೂ ಒಳಭಾಗ ಇನ್ನೂ ತಣ್ಣಗಾಗುತ್ತದೆ. ಸೆಕೆಗಾಲದಲ್ಲಿ ಗುಂಡಿಯನ್ನು 5ಕ್ಕೆ ತಿರುಗಿಸಿ ಇಟ್ಟಿದ್ದರು, ಮಳೆಗಾಲಕ್ಕೆ ಅದನ್ನು ಇಳಿಸಬೇಕು ಅಂತ ಯಾರಿಗೆ ಹೊಳೆಯುತ್ತದೆ ಮಾರಾಯ್ರೆ? ಬೆಳಿಗ್ಗೆ ಸಂಜೆ ಬಾಗಿಲಿನ ಥರ್ಮಾಮೀಟರ್ ನೋಡಿದರೆ 4 ತೋರಿಸುತ್ತಿತ್ತು. ಬಾಗಿಲು ಇಡೀ ಫ್ರಿಜ್‌ನಲ್ಲೇ ಬಿಸಿ ಜಾಸ್ತಿ ಇರುವ ಜಾಗ.

ಮೇಲಿನ ತಟ್ಟೆಯಲ್ಲಿದ್ದ ರೇಬೀಸ್ ಬಾಟಲಿಗಳನ್ನು ಡಾಕ್ಟ್ರು ಆ ಬೆಳಿಗ್ಗೆಯೇ ಬದಿಗಿಟ್ಟರು, ಒಂದನ್ನೂ ಬಳಸಲಿಲ್ಲ. ಹಣದ ನಷ್ಟವೇ. ಆದರೂ ಅವರು ಒಂದು ನಿಮಿಷವೂ ಯೋಚಿಸಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಗುಂಡಿಯನ್ನು 3ಕ್ಕೆ ಇಳಿಸಿದೆವು. ಲಸಿಕೆಗಳನ್ನೆಲ್ಲ ತೂತಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಡು ತಟ್ಟೆಗೆ ತಂದೆವು, ಹಿಂದಿನ ಗೋಡೆಗೆ ತಾಗದ ಹಾಗೆ. ಫ್ರೀಜರ್ ಕೆಳಗಿನ ತಟ್ಟೆ ಈಗ ಖಾಲಿ. ಕ್ಯಾಲೆಂಡರ್‌ನಲ್ಲಿ ಜೂನ್ ಮೊದಲ ವಾರಕ್ಕೂ ಮಾರ್ಚ್‌ಗೂ ಕೆಂಪು ಗುರುತು ಹಾಕಿದೆ. ಗುಂಡಿ ತಿರುಗಿಸಿ, ಪೆಟ್ಟಿಗೆ ದಾಖಲಿಸಿದ ಉಷ್ಣತೆಯ ಗ್ರಾಫ್ ನೋಡಿ ಅಂತ.

ಬಿಸಿಯ ಕಡೆಗೂ ಕೆಲಸ ಮಾಡಿದೆವು. ಬಾಗಿಲಿಗೂ ಕೆಳಗಿನ ಡ್ರಾಯರ್‌ಗೂ ನೀರಿನ ಬಾಟಲಿ ತುಂಬಿಸಿದೆವು. ಲಸಿಕೆಯನ್ನು ಬೇರೆ ಕಡೆ ಇಟ್ಟು, ಫ್ರಿಜ್ ಆಫ್ ಮಾಡಿ ಪರೀಕ್ಷಿಸಿದಾಗ ಬಾಟಲಿ ಇಲ್ಲದೆ ಎರಡು ಗಂಟೆಯೊಳಗೆ 8 ದಾಟಿತ್ತು, ಬಾಟಲಿ ಇಟ್ಟ ಮೇಲೆ ನಾಲ್ಕು ಗಂಟೆಯ ಹತ್ತಿರ ಎಳೆಯಿತು. ಫ್ರಿಜ್ಜನ್ನು ಕ್ಲಿನಿಕ್‌ನ ಹಳೆ ಇನ್ವರ್ಟರ್‌ಗೆ ಹಾಕೋಣ ಅಂತ ಮಾತು ಬಂತು, ನಾನು ಒಪ್ಪಲಿಲ್ಲ. ಅದು ಸ್ಕ್ವೇರ್ ವೇವ್‌ನದ್ದು, ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವುದಿಲ್ಲ, ಕಂಪ್ರೆಸರ್ ಮೋಟಾರ್ ಬಿಸಿಯಾಗುತ್ತದೆ, ಶುರುವಾಗುವ ಹೊತ್ತಿನ ಎಳೆತವನ್ನು ಇನ್ವರ್ಟರ್ ತಡೆಯುವುದಿಲ್ಲ. ನಾಲ್ಕು ಗಂಟೆ ಮತ್ತು ಒಂದು ಫೋನ್ ಕರೆ ಇದ್ದರೆ ಲಸಿಕೆಯನ್ನು ಐಸ್ ಬಾಕ್ಸ್‌ಗೆ ಹಾಕಿ ಸಾಗಿಸಲು ಸಾಕಷ್ಟು ಸಮಯ ಆಯಿತು. ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಲಸಿಕೆ ಪಕ್ಕ ಇಡಬಾರದು. ಹೊರಗಿಟ್ಟು, ಬೆವರಿ, ಅಲುಗಿಸಿದಾಗ ಒಳಗೆ ನೀರಿನ ಸದ್ದು ಬರಬೇಕು, ಆಮೇಲೆ ಇಡಿ. ಫ್ರಿಜ್‌ನ ಸ್ಟೆಬಿಲೈಸರ್‌ನಲ್ಲಿ ಮೂರು ನಿಮಿಷದ ಡಿಲೇ ಆನ್ ಇರಲಿ, ಕರೆಂಟ್ ಬಂದು ಹೋಗಿ ಬಂದು ಮಾಡುವಾಗ ಕಂಪ್ರೆಸರ್ ಉಳಿಯುವುದು ಅದರಿಂದ.

ಟೇಬಲ್ ಹತ್ತದ ನಾಯಿ

ಇದು ಏಪ್ರಿಲ್ ಮಾತು, ಪೆಟ್ಟಿಗೆಗಿಂತ ಮೊದಲು ಮುಗಿಸಿದ ಕೆಲಸ. ಅಲ್ಟ್ರಾಸೌಂಡ್ ಪರದೆಯಲ್ಲಿ ಅಡ್ಡ ಗೆರೆಗಳು ಬರುತ್ತವೆ ಅಂತ ಕರೆದಿದ್ದರು. ನೋಡುತ್ತಾ ಕೂತಿದ್ದಾಗ ಒಂದು ಊರ ನಾಯಿಯನ್ನು ಸ್ಟೀಲ್ ಟೇಬಲ್ ಮೇಲೆ ನಿಲ್ಲಿಸಲು ಹೊರಟರು. ಸೌಮ್ಯ ನಾಯಿ. ಆದರೆ ಪಾದ ತಾಗಿದ ಕೂಡಲೇ ಎಳೆದುಕೊಳ್ಳುತ್ತಿತ್ತು, ಒಂದು ಕಾಲು, ಮತ್ತೊಂದು ಕಾಲು. ಹಿಡಿದವರ ಕೈ ಹೆದರಿಸಿದ ಹಾಗೆ ಕಾಣಲಿಲ್ಲ. ನಾನು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕೈಯ ಹಿಂಬದಿಯಿಂದ ಟೇಬಲ್ ಸವರಿದೆ. ಸಣ್ಣಗೆ ಜುಮ್ ಅಂದಿತು. ಮೀಟರ್ ಇಟ್ಟರೆ ಟೇಬಲ್‌ಗೂ ನೆಲಕ್ಕೂ 110 ವೋಲ್ಟ್ ಹತ್ತಿರ.

ಟೇಬಲ್‌ಗೆ ಕ್ಲಾಂಪ್ ಹಾಕಿದ ಎಲ್‌ಇಡಿ ದೀಪ ಉಂಟು. ಅದರ ಪವರ್ ಸಪ್ಲೈಯಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಸಣ್ಣ ಫಿಲ್ಟರ್ ಕೆಪಾಸಿಟರ್ ಇರುತ್ತವೆ. ಅರ್ಥ್ ಸರಿ ಇದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತದೆ. ಅರ್ಥ್ ಕಡಿದಿದ್ದರೆ ಲೋಹದ ಮೈ 230ರ ಅರ್ಧದಲ್ಲಿ ತೇಲುತ್ತದೆ. ಕರೆಂಟ್ ತೀರಾ ಕಡಿಮೆ, ಸೋರಿಕೆ ಕಂಡರೆ ಕರೆಂಟ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಅದಕ್ಕೆ ಬೀಳುವುದಿಲ್ಲ. ಚಪ್ಪಲಿ ಹಾಕಿದ ನಮಗೆ ಗೊತ್ತಾಗುವುದೂ ಇಲ್ಲ. ಒದ್ದೆ ಪಾದದ ನಾಯಿಗೆ, ಬೆಕ್ಕಿಗೆ ಗೊತ್ತಾಗುತ್ತದೆ. ಪಾಪ, ಎಷ್ಟು ಪ್ರಾಣಿಗಳು ಇದರಿಂದ ಕಿರಿಕಿರಿಪಟ್ಟು ‘ಸಿಟ್ಟಿನ ನಾಯಿ’ ಅನ್ನಿಸಿಕೊಂಡವೋ ಅಂತ ಬೇಸರವಾಯಿತು.

ಹಿತ್ತಿಲಲ್ಲಿ ಅರ್ಥ್ ಗುಂಡಿ ಅಗೆಸಿದೆವು. ಉಪ್ಪು, ಇದ್ದಿಲು ಹಾಕಿದ ಹಳೆ ಪದ್ಧತಿ. ಆ ಉಪ್ಪೇ ಪೈಪಿನ ಬೋಲ್ಟ್ ಮತ್ತು ಪಟ್ಟಿಯನ್ನು ತಿಂದು ತುಂಡು ಮಾಡಿತ್ತು. ಉಳಿದ ಪೈಪನ್ನು ಅರ್ಥ್ ಟೆಸ್ಟರ್‌ನಲ್ಲಿ ಅಳೆದರೂ ಬರುತ್ತಿದ್ದದ್ದು ತುಂಬಾ ಜಾಸ್ತಿ ಓಮ್. ಓಮ್ ಕಡಿಮೆ ಇದ್ದಷ್ಟೂ ಅರ್ಥ್ ಒಳ್ಳೆಯದು. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ಮಳೆಗಾಲದಲ್ಲಿ ಎಷ್ಟು ನೀರು ಬಿದ್ದರೂ ಇಳಿದುಹೋಗುತ್ತದೆ, ಮಾರ್ಚ್ ಹೊತ್ತಿಗೆ ಮೇಲಿನ ಪದರ ಒಣ ಕಲ್ಲು. ಘಟ್ಟದ ಕಡೆಯಿಂದ ಸಿಡಿಲು ಬರುವುದು ಏಪ್ರಿಲ್, ಮೇ ಸಂಜೆಗಳಲ್ಲಿ. ಅಂದರೆ ಅರ್ಥ್ ತೀರಾ ಬೇಕಾದ ತಿಂಗಳಲ್ಲೇ ಅದು ತೀರಾ ಕೆಟ್ಟದಾಗಿರುತ್ತದೆ. ಹಾಗಾಗಿ ಅಳತೆ ಮಾಡುವುದಿದ್ದರೆ ಬೇಸಿಗೆಯಲ್ಲೇ ಮಾಡಿ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದ ಕೆಲಸ ಇದು. ಕಲ್ಲು ಕೊರೆದು 3 ಮೀಟರ್ ಉದ್ದದ ತಾಮ್ರ ಲೇಪದ ಎರಡು ರಾಡ್, ನಡುವೆ 3 ಮೀಟರ್‌ಗಿಂತ ಜಾಸ್ತಿ ಅಂತರ, ಸುತ್ತಲೂ ತೇವ ಹಿಡಿದಿಡುವ ಬೆಂಟೊನೈಟ್ ಇರುವ ಮಣ್ಣಿನ ಪುಡಿ. ಎರಡನ್ನೂ ತಾಮ್ರದ ಪಟ್ಟಿಯಿಂದ ಸೇರಿಸಿ ಬೋರ್ಡ್‌ಗೆ ತಂದರು. ಒಣ ನೆಲದಲ್ಲೇ ಅಳತೆ 5 ಓಮ್‌ನ ಕೆಳಗೆ ಬಂತು. ಪರದೆಯ ಅಡ್ಡ ಗೆರೆಗಳು ಅವತ್ತೇ ಹೋದವು. ಟೇಬಲ್‌ನಲ್ಲಿ ಈಗ ಅರ್ಧ ವೋಲ್ಟೂ ಇಲ್ಲ.

ಇದಾದ ಮೇಲೆಯೇ ಕರೆಂಟ್ ಹಂಚುವ ಮುಖ್ಯ ಬೋರ್ಡಿನಲ್ಲಿ (ಡಿಬಿ) ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದು. ಅರ್ಥ್ ಇಲ್ಲದೆ ಅದನ್ನು ಹಾಕಿ ಪ್ರಯೋಜನ ಇಲ್ಲ, ಸಿಡಿಲಿನ ಹೊಡೆತವನ್ನು ಅದು ಕಳಿಸಬೇಕಾದ್ದೇ ಅಲ್ಲಿಗೆ. ಅದರ ವಯರ್ ಒಟ್ಟು ಅರ್ಧ ಮೀಟರ್ ಒಳಗಿರಲಿ, ಉದ್ದವಾದಷ್ಟೂ ಕೆಲಸ ಕಡಿಮೆ. ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಿಸಬೇಕು. ಗುಡುಗು ಕೇಳಿಸಿದರೆ ಅಲ್ಟ್ರಾಸೌಂಡ್, ರಕ್ತ ಪರೀಕ್ಷೆ ಯಂತ್ರದ ಪ್ಲಗ್ ಕಿತ್ತಿಡುವುದನ್ನು ಮಾತ್ರ ಬಿಡಬೇಡಿ. ಹೊರಗಿನ ಸಿಸಿಟಿವಿಯಿಂದ ಬರುವ ತಾಮ್ರದ ಕೇಬಲ್‌ಗೂ ಇದೇ ಮಾತು.

ಮೈಕ್ರೋಸ್ಕೋಪ್ ಲೆನ್ಸ್‌ಗೆ ಫಂಗಸ್ ಹಿಡಿಯದ ಹಾಗೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ಯುಪಿಎಸ್ ಮತ್ತು ಕಂಪ್ಯೂಟರ್ ಫ್ಯಾನ್‌ಗಳಲ್ಲಿ ನಾಯಿ ಕೂದಲು ಗಟ್ಟಿಯಾಗಿ ಕೂರುತ್ತದೆ, ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಬೇಕು. ಕೂದಲು ಕತ್ತರಿಸುವ ಜಾಗದಿಂದ ಯುಪಿಎಸ್ ದೂರ ಇಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಪೆಟ್ಟಿಗೆಯ ಸಾಮಾನಿಗೆ ಎರಡೂವರೆ ಸಾವಿರದೊಳಗೆ ಖರ್ಚಾಯಿತು, ಅರ್ಥಿಂಗ್‌ಗೆ ಅದರ ಹಲವು ಪಟ್ಟು. 2ಜಿ ಎಷ್ಟು ಕಾಲ ಇರುತ್ತದೋ, ಅದಕ್ಕೆ 4ಜಿ ಮಾಡ್ಯೂಲ್ ತರಿಸಿದ್ದೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಡಾಕ್ಟ್ರು ಊರೊಳಗೆ ಲಸಿಕೆ ಶಿಬಿರ ಮಾಡುತ್ತಾರೆ. ಅಲ್ಲಿಗೆ ಹೋಗುವ ಐಸ್ ಬಾಕ್ಸ್‌ಗೂ ಇದೇ ನಮೂನೆಯ ಸಣ್ಣ ಪೆಟ್ಟಿಗೆ ಕಟ್ಟುತ್ತಿದ್ದೇನೆ, ಒಂದೇ ಸೆನ್ಸರ್, ಒಂದು ಬಜರ್, ಫೋನ್ ಇಲ್ಲ. ಪ್ರೋಗ್ರಾಂ ಓಡುತ್ತಿದೆ, ಸ್ಕೂಟರ್‌ನ ಅಲುಗಾಟಕ್ಕೆ ಸೆಲ್ ಹೋಲ್ಡರ್ ಸಂಪರ್ಕ ಬಿಡದ ಹಾಗೆ ಮಾಡುವುದು ಬಾಕಿ.